ಐದನೇ ಗಾಲಿ

ತೆಲುಗು ನಾಡಿನ ಪಟಮಟ ಬಡಾವಣೆಯ ಆ ಅಪಾರ್ಟ್‌ಮೆಂಟಿನಲ್ಲಿ ಭೀಮಸೇನ ಮಾಮಾರ ಕಣ್ತಪ್ಪಿಸಿ ಕಾರು ಹೊರಡಿಸುವುದು ಯಾರಿಂದಲೂ ಆಗದ ಮಾತು. ಸ್ವಂತ ಕಾರಿಲ್ಲದಿದ್ದರೂ ಬೆಳಗಾಗುತ್ತಲೇ ಹಳೇ ಪಂಚೆಯ ತುಂಡು ಹಿಡಿದು ಇಳಿಯುತ್ತಾರೆ. ಒಬ್ಬರ ಬಾನೆಟ್ ಎತ್ತಿಸಿ ಆಯಿಲ್ ಕಡ್ಡಿ ಒರೆಸಿ ನೋಡುತ್ತಾರೆ, ಇನ್ನೊಬ್ಬರ ಟೈರನ್ನು ಮಗುವಿನ ಬೆನ್ನಿನಂತೆ ತಟ್ಟುತ್ತಾರೆ. ಬಾಡಿಗೆಗಿರುವ ನರ್ಸ್ ಐಶ್ವರ್ಯಾ ತನ್ನ ಸೆಕೆಂಡ್‌ಹ್ಯಾಂಡ್ ಕಾರಿಗೆ ಪೂಜೆ ಮಾಡಿಸಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಗ, "ಐದನೇ ಗಾಲಿ ಏನ್ ಪಾಪ ಮಾಡೈತಿ, ತಂಗಿ?" ಎಂದು ಡಿಕ್ಕಿ ತೆಗೆಸಿ ಸ್ಟೆಪ್ನಿಗೂ ಕುಂಕುಮ ಹಚ್ಚಿದರು. "ದೇವ್ರು ಗಾಳಿ ತುಂಬೂದಿಲ್ಲ, ನೀನ ತುಂಬಿಸ್ಕೊಂಡು ಬಾ." ಗೊಣಗುತ್ತಲೇ ತುಂಬಿಸಿಕೊಂಡು ಬಂದಳು. ಮರುವಾರ, ಮೊದಲ ಸಲ ವಿಮಾನ ಹತ್ತಿ ಒಬ್ಬಳೇ ಬರುತ್ತಿದ್ದ ತೆಲುಗು ಬಾರದ ಅಮ್ಮನನ್ನು ಕರೆತರಲು ಹೊರಟಾಗ ಗನ್ನವರಂ ವಿಮಾನ ನಿಲ್ದಾಣದ ದಾರಿಯಲ್ಲಿ ಟೈರು ಪಂಕ್ಚರಾಯಿತು. ಆ ಸ್ಟೆಪ್ನಿಯೇ ಅವಳನ್ನು ವೇಳೆಗೆ ಮುಟ್ಟಿಸಿತು. ಅಮ್ಮ ತಂದ ರವೆಉಂಡೆಯ ಡಬ್ಬಿ ಹಿಡಿದು ಮಾಮಾರ ಮನೆಗೆ ಹೋದರೆ, ಬಾಲ್ಕನಿಯ ತುಳಸಿಯ ಪಕ್ಕ ಕುಂಕುಮವಿಟ್ಟ ಒಂಟಿ ಚಕ್ರ. "ಕಾರು ಮಾರಿದ್ರಮ್ಮಾ, ಇದನ್ನ ಮಾತ್ರ ಕೊಡಲಿಲ್ಲ," ಎಂದರು ಅವರ ಹೆಂಡತಿ ದುರ್ಗಾಂಬ. "ನಂಗೆ ಎದೆನೋವು ಬಂದ ದಿನ ಇಬ್ರಾಹಿಂಪಟ್ನಂ ಹತ್ರ ಟೈರು ಒಡೀತು. ಆಸ್ಪತ್ರೆಗೆ ಮುಟ್ಟಿಸಿದ್ದು ಇದೇ." ಮೊದಲ ಉಂಡೆಯನ್ನು ಐಶ್ವರ್ಯಾ ಆ ಗಾಲಿಯ ಮುಂದಿಟ್ಟಳು.