ಅವ್ವನ ಹರಕೆ, ನನ್ನ ಕಾಲು

ಹುಬ್ಬಳ್ಳಿಯಿಂದ ಹೊರಟ ರೈಲು ಮರುದಿನ ಬೆಳಿಗ್ಗೆ ಕೃಷ್ಣೆಯ ಸೇತುವೆ ದಾಟುವಾಗ ಕನಕದುರ್ಗೆಯ ಬೆಟ್ಟ ಕಂಡಿತು. ನಾನು ಹೋಗಬೇಕಾದದ್ದು ಅಲ್ಲಿಗೇ. ವಿಜಯವಾಡದಲ್ಲಿ ಇಳಿದು, ಆಟೋ ಹಿಡಿದು, ಕೈ ಮುಗಿದು, ಸಂಜೆಯ ರೈಲಿಗೆ ವಾಪಸು ಹತ್ತಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವ್ವನ ಹರಕೆಯಲ್ಲಿ ಆಟೋಗೆ ಜಾಗವಿರಲಿಲ್ಲ. ಹಾಗಾಗಿ ಸೀಟಿನಲ್ಲೇ ಕೂತು ಇಡ್ಲಿ ತಿಂದು ವಿಶಾಖಪಟ್ಟಣದವರೆಗೆ ಹೋದೆ, ಅಲ್ಲಿಂದ ಇದೇ ವಿಜಯವಾಡಕ್ಕೆ ನಡೆದು ಬರುವುದಕ್ಕೆ.

ಹರಕೆಯ ಕತೆ ಇಷ್ಟು. ಅಪ್ಪ ನೌಕಾಪಡೆಯಲ್ಲಿದ್ದರು. ಕ್ವಾರ್ಟರ್ಸ್ ಸಿಗದೆ ಪೆಂಡುರ್ತಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ನನಗೆ ಮೂರು ವರ್ಷವಿದ್ದಾಗ ಜ್ವರ ಬಂದು ಕಾಲಿನ ಬಲ ಹೋಯಿತು. ತಿಂಗಳುಗಟ್ಟಲೆ ಕೂತಲ್ಲೇ ಕೂತಿದ್ದೆನಂತೆ. ಒಂದು ಸಂಜೆ ಅವ್ವ ದೀಪ ಹಚ್ಚಿ, ಮಗಳು ಎದ್ದು ನಡೆದರೆ ಅದೇ ಕಾಲಿನಲ್ಲಿ ಇಲ್ಲಿಂದ ದುರ್ಗಮ್ಮನ ಬೆಟ್ಟದವರೆಗೆ ನಡೆಸುತ್ತೇನೆ ಎಂದು ಹರಕೆ ಹೊತ್ತಳು. ಮರುದಿನ ಬೆಳಿಗ್ಗೆಯೇ ನಾನು ಎದ್ದು ನಡೆದೆ. ಮುಂದೆ ಅಪ್ಪನಿಗೆ ನಿವೃತ್ತಿಯಾಗಿ ವಿಜಯವಾಡದಲ್ಲಿ ಬೇರೆ ಕೆಲಸ ಸಿಕ್ಕಾಗ ಅವ್ವ ಹರಕೆಯನ್ನು ನೆನಪಿಸಿದಳು. "ಟ್ರೇನ್ ಇರೂವಾಗ ಯಾರರೆ ನಡ್ಕೊಂತ ಹೋಗ್ತಾರೇನ?" ಎಂದು ಅಪ್ಪ ನಕ್ಕುಬಿಟ್ಟರು. ಬೆಟ್ಟದ ಹತ್ತಿರವೇ ಭವಾನಿಪುರಂನಲ್ಲಿ ಆರು ವರ್ಷ ಇದ್ದು, ಶುಕ್ರವಾರ ತಪ್ಪದೆ ಗುಡಿಗೆ ಹೋದರೂ ಹರಕೆ ಹಾಗೇ ಉಳಿಯಿತು.

ಈಗ ಅಪ್ಪ ಇಲ್ಲ, ಅವ್ವ ಹುಬ್ಬಳ್ಳಿಯಲ್ಲಿ ನನ್ನ ಜೊತೆಗಿದ್ದಾಳೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಇನ್ನೂ ತಡಮಾಡಿದರೆ ದೃಷ್ಟಿ ಹೋದೀತು ಎಂದು ಡಾಕ್ಟರು ಗದರಿಸಿದರು. ಅವ್ವನದು ಒಂದೇ ಹಟ. "ಹರಕಿ ಬಾಕಿ ಇಟಗೊಂಡು ನಾ ಆಪರೇಷನ್ ಮಾಡಿಸ್ಕೊಳ್ಳಂಗಿಲ್ಲ. ನೀ ನಡದು ಬಾ, ಆಮ್ಯಾಲೆ ನೋಡೂಣು." ಇನ್ನೊಬ್ಬರ ಕಾಲಿನ ಮೇಲೆ ಹರಕೆ ಹೊರುವುದು ಎಷ್ಟು ಸಲೀಸು ನೋಡಿ. ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಕೂತು ಜಡ್ಡುಗಟ್ಟಿದ ನನ್ನ ಮಂಡಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಸಿಟ್ಟಿನಲ್ಲೇ ರಜೆ ಹಾಕಿದೆ.

ವಿಶಾಖಪಟ್ಟಣದಲ್ಲಿ ಡಿಸೆಂಬರಿನ ಬಿಸಿಲು ಹಿತವಾಗಿತ್ತು. ಮೊದಲು ಬಂದರಿನ ರಸ್ತೆಗೆ ಹೋದೆ. ಭಾನುವಾರಗಳಂದು ಅಪ್ಪ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹಡಗು ತೋರಿಸಲು ತರುತ್ತಿದ್ದ ಜಾಗ ಅದು. ಈಗ ಉದ್ದಕ್ಕೂ ಲಾರಿಗಳ ಸಾಲು, ಎತ್ತರದ ಗೋಡೆ, ಗೋಡೆಯಾಚೆ ಕ್ರೇನುಗಳ ತಲೆ. ಹಡಗು ಕಾಣಲಿಲ್ಲ. ಒಂದು ಹಡಗಿನ ಕೂಗು ಮಾತ್ರ ಕೇಳಿತು, ಅದೇ ಹಳೆಯ ಕೂಗು. ಖುಷಿಯಾಯಿತು.

ಪೆಂಡುರ್ತಿಯ ಮನೆ ಇರಲಿಲ್ಲ. ಅಲ್ಲಿ ನಾಲ್ಕು ಮಾಳಿಗೆಯ ಅಪಾರ್ಟ್‌ಮೆಂಟ್ ಎದ್ದಿತ್ತು. ಆ ಮನೆಯ ಒಡತಿ ಸತ್ಯವತಿಯನ್ನು ನಾನು ಪಿನ್ನಿ ಎಂದು, ತೆಲುಗಿನಲ್ಲಿ ಚಿಕ್ಕಮ್ಮ ಎಂದು, ಕರೆಯುತ್ತಿದ್ದೆ. ಅವ್ವನಿಗಿಂತ ಹೆಚ್ಚಾಗಿ ಅವಳ ಕಂಕುಳಲ್ಲೇ ಬೆಳೆದವಳು ನಾನು. ನಾವು ಕರ್ನಾಟಕಕ್ಕೆ ಮರಳಿದ ಮೇಲೆ ಸಂಪರ್ಕ ತಪ್ಪಿಹೋಗಿತ್ತು. ಎದುರಿನ ಇಸ್ತ್ರಿ ಅಂಗಡಿಯವರನ್ನು ವಿಚಾರಿಸಿದಾಗ, "ಆಯಮ್ಮ ವಿಜಯವಾಡದಲ್ಲಿ ಮಗಳ ಮನೆಯಲ್ಲಿದ್ದಾರೆ, ಭವಾನಿಪುರಂನಲ್ಲಿ. ಗಟ್ಟಿಮುಟ್ಟಾಗಿದ್ದಾರೆ" ಎಂದು ವಿಳಾಸ ಹೇಳಿದರು. ಆ ಮಗಳ ಬೀದಿಯಲ್ಲೇ ನಮಗೂ ಮನೆ ಹುಡುಕಿಕೊಟ್ಟವಳು ಪಿನ್ನಿ. ಹೇಗೂ ಅತ್ತಲೇ ಹೊರಟವಳು, ಎದುರಿಗೇ ಹೋಗಿ ನಿಲ್ಲೋಣ ಎಂದುಕೊಂಡು ಅಲ್ಲಿಂದಲೇ ನಡಿಗೆ ಶುರು ಮಾಡಿದೆ.

ಮುನ್ನೂರೈವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ದಿನಕ್ಕೆ ಇಪ್ಪತ್ತು ನಡೆಯುವುದು, ಕತ್ತಲಾಗುವ ಮೊದಲು ಊರು ಸೇರಿ ಲಾಡ್ಜು ಹಿಡಿಯುವುದು ಎಂದು ಲೆಕ್ಕ ಹಾಕಿದ್ದೆ. ಮೊದಲೆರಡು ದಿನ ಬರೀ ಅವ್ವನನ್ನು ಬೈದುಕೊಂಡೇ ನಡೆದೆ. ಅನಕಾಪಲ್ಲಿಯಲ್ಲಿ ಬೆಲ್ಲದ ವಾಸನೆ ಮೂಗಿಗೆ ಬಡಿದಾಗ ಸ್ವಲ್ಪ ಮೆತ್ತಗಾದೆ. ಅಪ್ಪ ಇಲ್ಲಿಂದ ಬೆಲ್ಲದ ಅಚ್ಚು ತಂದರೆ ಅವ್ವ ಹೋಳಿಗೆ ಮಾಡುತ್ತಿದ್ದಳು. ಬೆಳಿಗ್ಗೆ ಪೆಸರಟ್ಟು, ಮಧ್ಯಾಹ್ನ ಅನ್ನ, ತೊವ್ವೆಯಂಥ ಪಪ್ಪು, ನಡುನಡುವೆ ಹೆದ್ದಾರಿಯ ಚಹಾ. ಅನ್ನವರಂನಲ್ಲಿ ಎಲೆಯಲ್ಲಿ ಕಟ್ಟಿ ಕೊಡುವ ರವೆಯ ಪ್ರಸಾದವನ್ನು ಎರಡು ಸಲ ಸಾಲಿನಲ್ಲಿ ನಿಂತು ತಿಂದೆ. ಹರಕೆಯವಳಿಗೆ ಆಸೆ ಇರಬಾರದು ಎಂದು ಯಾರೂ ಹೇಳಿರಲಿಲ್ಲವಲ್ಲ.

ಅನ್ನವರಂ ದಾಟಿದ ಮೇಲೆ ಕೆಂಪು ಸೀರೆಯ ಹೆಂಗಸರ ಗುಂಪೊಂದು ಜೊತೆಯಾಯಿತು. ದುರ್ಗಮ್ಮನ ದೀಕ್ಷೆ ತೊಟ್ಟು ಬೆಟ್ಟಕ್ಕೆ ನಡೆದು ಹೋಗುವವರು. ದೀಕ್ಷೆಯಲ್ಲಿ ಎಲ್ಲರ ಹೆಸರೂ ಒಂದೇ, ಭವಾನಿ. ಅವರಲ್ಲಿ ಹಿರಿಯ ಭವಾನಿ ನನ್ನ ಬೂಟು, ಚೂಡಿದಾರ ನೋಡಿ ಕೇಳಿದರು. "ಹರಕೆ ಯಾರದಮ್ಮಾ?"

"ನಮ್ಮವ್ವಂದು."

"ಕಾಲು?"

"ನಂದು."

ಗುಂಪೆಲ್ಲ ನಕ್ಕಿತು. ಆಮೇಲೆ ನಾನೂ ನಕ್ಕೆ. ಅವರ ಹಾಡು, ಹರಟೆಯ ನಡುವೆ ದಾರಿ ಸಾಗಿದ್ದೇ ಗೊತ್ತಾಗಲಿಲ್ಲ. ಗೋದಾವರಿಯ ಸೇತುವೆಯ ಮೇಲೆ ಗಾಳಿಗೆ ಮೈಯೆಲ್ಲ ಹಗುರಾಗಿ, ಅವ್ವನಿಗೆ ಫೋನ್ ಮಾಡಿ ನದಿಯ ಸದ್ದು ಕೇಳಿಸಿದೆ. "ಮುಗಿಸ್ತೀ ಹೌದಿಲ್ಲೋ?" ಎಂದಳು. ಮುಗಿಸ್ತೇನೆ ಎಂದೆ.

ಮುಗಿಸಲಾಗಲಿಲ್ಲ. ಏಲೂರಿಗೆ ಬರುವಷ್ಟರಲ್ಲಿ ಬಲಮಂಡಿ ಊದಿಕೊಂಡು ಮಡಚಲು ಬಾರದಾಯಿತು. ಹಿರಿಯ ಭವಾನಿ ಬಿಸಿ ಉಪ್ಪಿನ ಶಾಖ ಕೊಟ್ಟರು, ಜಗ್ಗಲಿಲ್ಲ. ಅಲ್ಲಿನ ಡಾಕ್ಟರು ಒತ್ತಿ ನೋಡಿ, ಮಂಡಿಯೊಳಗೆ ನೀರು ತುಂಬಿದೆ, ಇನ್ನೊಂದು ಮೈಲಿ ನಡೆದರೂ ಹಾಸಿಗೆ ಹಿಡಿಯುತ್ತೀರಿ ಎಂದರು. ವಿಜಯವಾಡ ಇನ್ನು ಅರವತ್ತೇ ಕಿಲೋಮೀಟರು. ಭವಾನಿಯರು ನನ್ನನ್ನು ಆರ್‌ಟಿಸಿ ಬಸ್ಸಿಗೆ ಹತ್ತಿಸಿ ಕೈಬೀಸಿದರು. ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ. ಅವ್ವ ಒಪ್ಪುವುದಿಲ್ಲ, ಕಣ್ಣು ಹೋಗುತ್ತದೆ, ಅದೂ ನನ್ನ ಮಂಡಿಯ ದೆಸೆಯಿಂದ. ಸುಳ್ಳು ಹೇಳಿಬಿಡಲೇ ಎಂದು ಯೋಚಿಸಿದೆ. ಆದರೆ ಕಣ್ಣು ಕಾಣದಿದ್ದರೂ ಅವ್ವ ನನ್ನ ದನಿಯಲ್ಲೇ ಸುಳ್ಳು ಹಿಡಿಯುವವಳು.

ಭವಾನಿಪುರಂನಲ್ಲಿ ನಮ್ಮ ಹಳೆಯ ಬೀದಿ ಗುರುತು ಸಿಕ್ಕಿತು. ನಾವಿದ್ದ ಮನೆಯಲ್ಲಿ ಟ್ಯೂಷನ್ ನಡೆಯುತ್ತಿತ್ತು. ಬೀದಿಯ ಕೊನೆಗೆ ಹೋದರೆ ನದಿಯ ಗಾಳಿ ಮೊದಲಿನಂತೆಯೇ ಬೀಸುತ್ತಿತ್ತು. ನಾಲ್ಕು ಮನೆಯಾಚೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ಮುದುಕಿ ಪಿನ್ನಿಯೇ. ಶಾರಿ ಎಂದು ಹೆಸರು ಹೇಳಿದೆ. ಗಲ್ಲ ಹಿಡಿದು ಬಹಳ ಹೊತ್ತು ನೋಡಿ, "ಬರ್ರಿ, ಉಣ್ರಿ" ಎಂದಳು. ಅವ್ವ ಕಲಿಸಿದ್ದ ಕನ್ನಡ ಅಷ್ಟು ಉಳಿದಿತ್ತು. ಮುಂದಿನ ಮಾತೆಲ್ಲ ತೆಲುಗಿನಲ್ಲಿ.

ಊಟ ಮಾಡುತ್ತ ಎಲ್ಲ ಹೇಳಿದೆ. ಕಣ್ಣಿನ ಪೊರೆ, ಹರಕೆ, ಮಂಡಿ. ಕೇಳುತ್ತ ಕೇಳುತ್ತ ಪಿನ್ನಿ ಬಡಿಸುವುದನ್ನು ನಿಲ್ಲಿಸಿದಳು.

"ಆ ಹರಕೆ ಈಗಲೂ ಇದೆಯಾ ತಲ್ಲೀ? ನೀನು ನಡೆದದ್ದು ಮರುದಿನ ಬೆಳಿಗ್ಗೆ ಅಲ್ಲ. ಅವತ್ತೇ ಮಧ್ಯಾಹ್ನ. ನಾನು ಅಂಗಳದಲ್ಲಿ ಸಂಡಿಗೆ ಒಣಹಾಕುತ್ತಿದ್ದೆ. ಆಸ್ಪತ್ರೆಗೆ ತಿರುಗಿ ಸುಸ್ತಾಗಿ ನಿಮ್ಮಮ್ಮ ಒಳಗೆ ಮಲಗಿದ್ದಳು. ನೀನು ಗೋಡೆ ಹಿಡಿದು ಎದ್ದೆ, ಗೋಡೆ ಬಿಟ್ಟು ಅಮ್ಮನ ಬಾಗಿಲ ಕಡೆಗೆ ನಡೆದೆ. ನಾನು ಓಡಿಬಂದು ಎತ್ತಿಕೊಂಡೆ."

"ಅವ್ವನಿಗೆ ಹೇಳಲಿಲ್ಲ ಯಾಕೆ?"

"ಮಗು ಮೊದಲು ನಡೆದದ್ದನ್ನು ಬೇರೆಯವಳು ನೋಡಿದೆ ಅಂತ ತಾಯಿಗೆ ಹೇಳುತ್ತಾರಾ? ಅವಳೇ ಮೊದಲು ನೋಡಲಿ ಅಂತ ಸುಮ್ಮನಿದ್ದೆ. ಸಂಜೆ ಅವಳು ಹರಕೆ ಹೊತ್ತದ್ದು ನನಗೇನು ಗೊತ್ತು? ಬೆಳಿಗ್ಗೆ ದುರ್ಗಮ್ಮ ನಡೆಸಿದಳು ಅಂತ ಬೀದಿಯೆಲ್ಲ ಹೇಳಿಕೊಂಡು ಅಳುತ್ತಿದ್ದಳು. ಆಮೇಲೆ ಹೇಳಲು ಬಾಯಿ ಬರಲಿಲ್ಲ."

ಆಗಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಮಂಡಿಯ ವಿಷಯ ನಾನು ಹೇಳಿದೆ, ಉಳಿದದ್ದನ್ನು ಪಿನ್ನಿ. ಅವ್ವ ತನ್ನ ಮುರುಕು ತೆಲುಗು ಎಳೆದಾಡಿದಳು, ಪಿನ್ನಿ ತನ್ನ ಮುರುಕು ಕನ್ನಡ.

"ಸಂಡಗಿ ಹಾಕೂ ಹೊತ್ತಂದ್ರ ಮಧ್ಯಾಹ್ನನ. ನಾ ಹರಕಿ ಹೊತ್ತಿದ್ದು ದೀಪಾ ಹಚ್ಚಿದ ಮ್ಯಾಲೆ" ಎಂದಳು ಅವ್ವ. "ಅಂದ್ರ ನಡದ ಕೂಸಿಗೆ ನಡೀಲಿ ಅಂತ ಬೇಡ್ಕೊಂಡೆ ನಾ. ಕೊಟ್ಟದ್ದನ್ನ ಮತ್ತ ಕೇಳಿದ್ರ ದುರ್ಗಮ್ಮ ಏನ ಅಂದ್ಕೊಂಡಾಳು." ಹೇಳುತ್ತ ಹೇಳುತ್ತ ನಗತೊಡಗಿದಳು. ಪಿನ್ನಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಶಾರೀ," ಎಂದಳು ಅವ್ವ, "ಡಾಕ್ಟರಿಗೆ ಹೇಳಿ ತಾರೀಖು ತಗೋ. ಗುಡಿಗೆ ಸುಮ್ನ ಹೋಗಿ ಬಾ. ಏನೂ ಬೇಡ್ಕೋಬ್ಯಾಡ."

ಮರುದಿನ ಬೆಳಿಗ್ಗೆ ಪಿನ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಟೋದಲ್ಲೇ ಹೋದೆ. ಹರಕೆಯಿಲ್ಲದವರಿಗೆ ಆಟೋ ನಿಷಿದ್ಧವಲ್ಲ. ದುರ್ಗಮ್ಮನ ಎದುರು ನಿಂತು, ಹೇಳಿದಂತೆ ಏನೂ ಕೇಳದೆ ಕೈ ಮುಗಿದೆ. ಮೇಲಿನಿಂದ ಕೃಷ್ಣೆ ವಿಶಾಲವಾಗಿ ಕಾಣುತ್ತಿತ್ತು. ಕೆಳಗಿನ ರಸ್ತೆಯಲ್ಲಿ ಕೆಂಪು ಸೀರೆಗಳು ಬೆಟ್ಟದ ಕಡೆ ಬರುತ್ತಿದ್ದವು. ನಮ್ಮ ಗುಂಪಿಗೆ ಇನ್ನೂ ಎರಡು ದಿನದ ದಾರಿ ಇತ್ತು.

ಊರಿಗೆ ಬಂದ ಮುಂದಿನ ವಾರವೇ ಅವ್ವನ ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಕಿಟಕಿ, ಫ್ಯಾನು, ಗೋಡೆಯ ಕ್ಯಾಲೆಂಡರು ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಕಡೆಗೆ ನನ್ನ ಕಡೆ ತಿರುಗಿದಳು.

"ಅವತ್ತ ನಾ ಮಲ್ಕೊಂಡಿದ್ದೆ, ನೋಡಾಕ ಆಗ್ಲಿಲ್ಲ. ಆ ಬಾಗಲದಿಂದ ಇಲ್ಲಿತನಕ ನಡ್ಕೊಂತ ಬಾ."

ಮಂಡಿ ಇನ್ನೂ ನೋಯುತ್ತಿತ್ತು. ಬಾಗಿಲಿಗೆ ಹೋಗಿ, ಗೋಡೆ ಹಿಡಿದು ನಿಂತು, ಆಮೇಲೆ ಗೋಡೆ ಬಿಟ್ಟು ಅವ್ವನ ಕಡೆಗೆ ನಡೆದೆ.