ನೋನಿಯನ್ನು ಹಿಂದಿಕ್ಕಿದ್ದು

ಫಿಂಟನ್ ಕೆಹೋ ಎಪ್ಪತ್ತೆರಡು ವರ್ಷ ಬದುಕಿದ. ಅಷ್ಟರಲ್ಲಿ ಒಂದು ದಿನವೂ ತನಗೆ ಹುಷಾರಿಲ್ಲವೆಂದು ಒಪ್ಪಿಕೊಂಡವನಲ್ಲ. ಬೆರಳ ತುದಿಯನ್ನು ಗರಗಸಕ್ಕೆ ಕೊಟ್ಟ ದಿನವೂ "ಏನಿಲ್ಲ, ಚೆನ್ನಾಗೇ ಇದೀನಿ" ಎಂದುಕೊಂಡೇ ಹೊಟ್ಟಿನಲ್ಲಿ ಆ ತುದಿಯನ್ನು ಹುಡುಕುತ್ತಿದ್ದ. ಆಶ್ ಮರದ ಬುಡ ಸೀಳಿ, ಐರ್ಲೆಂಡಿನವರ ಹರ್ಲಿಂಗ್ ಆಟದ ಕೋಲು ಕೆತ್ತುವುದು ಅವನ ಕಸುಬು. ಉಳಿದ ಹೊತ್ತಿಗೆಲ್ಲ ಹೋಗಿ ಕೈ ಕುಲುಕಿ ಬರಲು ಸಾವಿನ ಮನೆಗಳಿದ್ದವು. ಬೆಳಗಿನ ರೇಡಿಯೊದಲ್ಲಿ ತೀರಿಕೊಂಡವರ ಹೆಸರು ಓದುವಾಗ ಅವನ ಮನೆಯಲ್ಲಿ ಚಮಚ ಕೂಡ ಸದ್ದು ಮಾಡುವಂತಿರಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಒಂದು ಶುಕ್ರವಾರ ಮಧ್ಯಾಹ್ನ ಅವನ ಎದೆಯ ಮೇಲೆ ಯಾರೋ ಕೂತಂತಾಯಿತು. ಹೆಂಡತಿ ಬ್ರೀಜ್ ಅವನನ್ನು ಊರಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಡಾಕ್ಟರು ಇಸಿಜಿ ಪಟ್ಟಿ ನೋಡಿದವರೇ ಫೋನೆತ್ತಿಕೊಂಡರು. ಹೃದಯದ ರಕ್ತನಾಳವೊಂದು ಕಟ್ಟಿಕೊಂಡಿತ್ತು. ಸಣ್ಣ ಕೊಳವೆ ತೂರಿಸಿ, ಸ್ಟೆಂಟ್ ಇಟ್ಟು, ದಾರಿ ಬಿಡಿಸಬೇಕು. ಆ ಕೆಲಸ ಮಾಡುವ ಕ್ಯಾಥ್ ಲ್ಯಾಬ್ ಹದಿನೆಂಟು ಮೈಲಿಯಾಚೆ ದೊಡ್ಡಾಸ್ಪತ್ರೆಯಲ್ಲಿತ್ತು; ಆದರೆ ಸೋಮವಾರದಿಂದ ಶುಕ್ರವಾರ, ಸಂಜೆ ಐದರ ತನಕ ಮಾತ್ರ. ಐದು ದಾಟಿದರೆ ಡಬ್ಲಿನ್, ಎರಡೂವರೆ ಗಂಟೆಯ ದಾರಿ.

"ಅಷ್ಟು ದೂರ ನೀವು ತಡ್ಕೊಳ್ಳಲ್ಲ," ಎಂದರು ಡಾಕ್ಟರು.

"ನನ್ ಹೃದಯಕ್ಕೆ ಆಫೀಸ್ ಟೈಮ್ ಗೊತ್ತಿದೆ ನೋಡಿ ಡಾಕ್ಟ್ರೇ," ಎಂದ ಫಿಂಟನ್. "ಸರ್ಕಾರಿ ಕೆಲಸಕ್ಕೆ ಸೇರಿಸ್ಬಹುದಿತ್ತು."

ಊರಿನ ಒಂದೇ ಆಂಬುಲೆನ್ಸ್ ಬೇರೆಲ್ಲೋ ಹೋಗಿತ್ತು. ಗಂಟೆ ಆಗಲೇ ನಾಲ್ಕು. ಬ್ರೀಜ್ ತಾನೇ ಕಾರು ಹೊರಡಿಸಿದಳು. ಅವಳು ಗೇರ್ ಬದಲಿಸಿದಾಗೆಲ್ಲ ಫಿಂಟನ್ ಹಲ್ಲು ಕಚ್ಚುತ್ತಿದ್ದ. ಅದು ಎದೆನೋವಿಗೋ ಗೇರಿಗೋ ಅವಳಿಗೆ ತಿಳಿಯಲಿಲ್ಲ.

ನಾಲ್ಕು ಮೈಲಿ ಹೋಗಿರಬೇಕು, ತಿರುವಿನಾಚೆ ಶವದ ಗಾಡಿ ಸಿಕ್ಕಿತು. ತೊಂಬತ್ನಾಲ್ಕರ ನೋನಿ ಸಿನಟ್ ಮನೆಬಿಟ್ಟು ಚರ್ಚಿಗೆ ಹೊರಟಿದ್ದಳು. ಮುಂದೆ ಕಪ್ಪು ಗಾಡಿ, ಹಿಂದೆ ನಡೆದು ಬರುವ ನೂರು ಜನ. ಬದುಕಿದ್ದಾಗ ಯಾವುದಕ್ಕೂ ಅವಸರ ಮಾಡದ ಹೆಂಗಸು ಈಗಲೂ ಮಾಡಲಿಲ್ಲ.

ಬ್ರೀಜ್ ಬಲಕ್ಕೆ ಹೊರಳಿಸಹೋದಳು. ಫಿಂಟನ್ ಸ್ಟೀರಿಂಗ್ ಹಿಡಿದುಕೊಂಡ.

"ಏನ್ಮಾಡ್ತಿದೀಯ? ಸತ್ತೋರನ್ನ ದಾಟ್ಕೊಂಡು ಹೋಗೋದಾ?"

"ಗಂಟೆ ನೋಡು!"

"ಅವಳ ಮಕ್ಕಳೆಲ್ಲ ನಡ್ಕೊಂಡು ಹೋಗ್ತಿದಾರೆ ಕಣೆ. ನಾಳೆ ಅವರ ಮುಖ ಹೇಗೆ ನೋಡ್ಲಿ?"

"ನಾಳೆ ನೀನು ಯಾರ ಮುಖಾನೂ ನೋಡಲ್ಲ! ಅವರೇ ಬಂದು ನಿನ್ನ ಮುಖ ನೋಡ್ತಾರೆ! ನಿನ್ ಮನೆ ಹಾಳಾಗ..." ಎಂದವಳು, "ಅದು ನನ್ ಮನೇನೂ ಹೌದು, ಬೇಡ," ಎಂದು ನುಂಗಿಕೊಂಡಳು.

ಐದು ನಿಮಿಷ ಕಾರು ಹೆಜ್ಜೆ ಹಾಕಿತು. ಫಿಂಟನ್‌ನ ತುಟಿ ಬೂದಿಬಣ್ಣಕ್ಕೆ ತಿರುಗಿತು. ಆಗ ಬ್ರೀಜ್ ಆ ಸೀಮೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ಶವಯಾತ್ರೆಗೆ ಹಾರನ್ ಹೊಡೆದಳು.

ನೂರು ತಲೆ ಒಟ್ಟಿಗೆ ತಿರುಗಿದವು. ಫಿಂಟನ್ ಸೀಟಿನಲ್ಲಿ ಕುಸಿದ. ನೋವಿಗಲ್ಲ, ನಾಚಿಕೆಗೆ. ಶವಸಂಸ್ಕಾರ ನಡೆಸುವ ಡೆಕ್ಲನ್ ಫರ್ಲಾಂಗ್ ಟೋಪಿ ಕೈಯಲ್ಲಿ ಹಿಡಿದು ದಾಪುಗಾಲಲ್ಲಿ ಬಂದು ಕಿಟಕಿಯೊಳಗೆ ಬಗ್ಗಿದ.

"ಏನಯ್ಯಾ ಫಿಂಟನ್, ಹೇಗಿದೀಯ?"

"ಚೆನ್ನಾಗೇ ಇದೀನಪ್ಪ."

ಡೆಕ್ಲನ್ ಒಂದು ಗಳಿಗೆ ಅವನನ್ನು ದಿಟ್ಟಿಸಿದ. "ಈ ಬಣ್ಣದ ಮುಖ ನಾನು ದಿನಾ ನೋಡ್ತೀನಿ. ಆದ್ರೆ ಅವರ್ಯಾರೂ ಚೆನ್ನಾಗಿದೀನಿ ಅಂತ ಹೇಳಲ್ಲ."

ಬ್ರೀಜ್ ಎರಡೇ ಮಾತಿನಲ್ಲಿ ವಿಷಯ ಹೇಳಿದಳು. ಡೆಕ್ಲನ್ ಟೋಪಿ ಬೀಸಿ ಕೂಗಿದ. ಶವದ ಗಾಡಿ ಹೊಲದ ಗೇಟಿನೊಳಕ್ಕೆ ಹಿಮ್ಮೆಟ್ಟಿ ನಿಂತಿತು. ಜನ ಬೇಲಿಗೆ ಒತ್ತಿಕೊಂಡು ದಾರಿ ಬಿಟ್ಟರು. ಹೋಗಬಹುದಿತ್ತು. ಆದರೆ ಫಿಂಟನ್ ಕಿಟಕಿಯಿಂದ ಕೈ ಹೊರಚಾಚಿದ್ದ. ನೋನಿಯ ಮೂವರು ಗಂಡುಮಕ್ಕಳ ಕೈ ಕುಲುಕದೆ ಅವನು ಕದಲುವವನಲ್ಲ.

"ನಿಮಗೆ ಹೀಗಾಗಬಾರದಿತ್ತು," ಎಂದ ಮೊದಲನೆಯವನಿಗೆ. ಎರಡನೆಯವನಿಗೂ ಅದನ್ನೇ ಹೇಳಿದ.

ಮೂರನೆಯವನು ಕೈ ಕೊಡದೆ ಕಾರಿನ ಬೆನ್ನಿಗೆ ಗುದ್ದಿದ. "ಹೋಗೋ ಮಾರಾಯ! ಇಲ್ದಿದ್ರೆ ಭಾನುವಾರ ನಾನು ಇದೇ ಮಾತು ಬ್ರೀಜ್‌ಗೆ ಹೇಳ್ಬೇಕಾಗತ್ತೆ!"

ಐದಕ್ಕೆ ಹದಿನಾಲ್ಕು ನಿಮಿಷವಿರುವಾಗ ಲ್ಯಾಬಿನ ಬಾಗಿಲು ಸಿಕ್ಕಿತು. ನರ್ಸ್ ಕೇಳಿದಳು, "ನೋವು ಹತ್ತರಲ್ಲಿ ಎಷ್ಟು?"

"ಎರಡು."

"ಅಂದ್ರೆ ಒಂಬತ್ತು ಅಂತ ಬರ್ಕೊಳ್ಳಮ್ಮ," ಎಂದಳು ಬ್ರೀಜ್.

ಅಲ್ಲಿನ ಡಾಕ್ಟರು ಎದೆ ಸೀಳದೆ ಮಣಿಕಟ್ಟಿನಿಂದಲೇ ಒಳಹೊಕ್ಕದ್ದನ್ನು ಫಿಂಟನ್ ಪರದೆಯ ಮೇಲೆ ನೋಡುತ್ತ ಮಲಗಿದ್ದ. ಕಸುಬಿನವನು ಕಸುಬಿನವನನ್ನು ಮೆಚ್ಚಿಕೊಂಡ. ಕೆಲಸ ಮುಗಿದಾಗ ಆರೂ ಕಾಲು. ಅಲ್ಲಿದ್ದವರು ಯಾರೂ ಗಡಿಯಾರ ನೋಡಿರಲಿಲ್ಲ. ಒಮ್ಮೆ ಒಳಗೆ ಬಂದವರನ್ನು ಅವರು ಎಂದೂ ಅರ್ಧಕ್ಕೆ ಬಿಟ್ಟವರಲ್ಲ. ತೊಡಕೆಲ್ಲ ಐದು ಹೊಡೆದಾಗ ಇನ್ನೂ ಹೊರಗಿದ್ದವರಿಗೆ.

ಅಲ್ಲಿಂದ ಹನ್ನೊಂದು ವರ್ಷ. ಮೊಮ್ಮಗಳಿಗೆ ಮೂರು ಅಳತೆಯ ಕೋಲು ಕೆತ್ತಿಕೊಟ್ಟ. ಬ್ರೀಜ್ ಹಾರನ್ ಹೊಡೆದದ್ದಕ್ಕೆ ನೋನಿಯ ಮನೆಗೆ ಹೋಗಿ ಕ್ಷಮೆ ಕೇಳಿದ. ಬ್ರೀಜ್ ಕೇಳಲಿಲ್ಲ.

ಕಳೆದ ತಿಂಗಳು ಮತ್ತೆ ಎದೆ ಹಿಡಿಯಿತು. ಈ ಸಲ ಆಂಬುಲೆನ್ಸ್ ಒಂಬತ್ತೇ ನಿಮಿಷಕ್ಕೆ ಬಂತು, ರಸ್ತೆಯೂ ಖಾಲಿಯಿತ್ತು. ಆದರೆ ಅಂದು ಶನಿವಾರ. ದೊಡ್ಡಾಸ್ಪತ್ರೆಗೆ ಹೋಗುವ ತಿರುವನ್ನು ದಾಟಿ ಗಾಡಿ ನೇರ ಡಬ್ಲಿನ್ ಕಡೆ ಓಡಿತು. ಬ್ರೀಜ್ ಅವನ ಕೈ ಹಿಡಿದು ಕೂತಿದ್ದಳು. ಅರ್ಧ ದಾರಿಯಲ್ಲಿ ಅವನು, "ಬ್ರೀಜ್, ನಂಗ್ಯಾಕೋ ಅಷ್ಟು ಚೆನ್ನಾಗಿಲ್ಲ ಕಣೆ," ಎಂದ.

ನಲವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಗಂಡ ನಿಜ ಹೇಳಿದಾಗ, ಹಾರನ್ ಹೊಡೆಯೋಣವೆಂದರೆ ಅವಳ ಮುಂದೆ ಯಾರೂ ಇರಲಿಲ್ಲ.