ಕಿವಿಯಮ್ಮ ಆಫೀಸಿಗೆ ಬಂದದ್ದು

ಆಫೀಸಿನವರೆಲ್ಲ ಅವಳನ್ನು ಕಿವಿಯಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಅವಳ ಜೊತೆ ಕೆಲಸ ಮಾಡುವ ಮೇಷ್ಟ್ರು. "ಇಂಥಾ ಚುರುಕು ಕಿವಿ ನನ್ನ ಸರ್ವಿಸಲ್ಲೇ ಕಂಡಿಲ್ಲ. ನಾಲ್ಕು ವರ್ಷ ಆಯ್ತು, ಒಂದೇ ಒಂದು ಸಲ ಇನ್ನೊಮ್ಮೆ ಹೇಳಿ ಅಂದಿಲ್ಲ" ಎಂದು ಅವರು ಸಿಕ್ಕಸಿಕ್ಕವರ ಮುಂದೆ ಹೊಗಳಿ ಹೊಗಳಿ ಆ ಹೆಸರು ಅಂಟಿಕೊಂಡಿತ್ತು. ಅಸಲು ಸಂಗತಿ ಏನಪ್ಪಾ ಅಂದರೆ, ಕಿವಿಯಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಎಡಗಿವಿ ಎಂದೋ ಹೋಗಿತ್ತು. ಬಲಗಿವಿ ಅರ್ಧ ಉಳಿದಿತ್ತು. ಐದು ವರ್ಷವೋ ಹತ್ತು ವರ್ಷವೋ, ಅದೂ ಕೈಕೊಡುತ್ತದೆ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು. ಕಿವಿಗೆ ಹಾಕುವ ಮಿಷನ್ನು ಕೊಂಡದ್ದೂ ಆಗಿತ್ತು. ಅದು ಮನುಷ್ಯರ ಮಾತನ್ನು ಬಿಟ್ಟು ಪಾತ್ರೆಯ ಸದ್ದು, ಬಸ್ಸಿನ ಹಾರ್ನು, ಪಕ್ಕದ ಮನೆಯ ಬಾಗಿಲು ಎಲ್ಲವನ್ನೂ ತಂದು ತಲೆಗೆ ಸುರಿಯುತ್ತಿತ್ತು. ಎರಡು ತಿಂಗಳು ಸಹಿಸಿ ಬೀರುವಿನೊಳಗೆ ಇಟ್ಟಳು. ಅವಳ ಅಮ್ಮನಿಗೂ ಹೀಗೇ ಆಗಿತ್ತು. ನೆಂಟರು ಅಮ್ಮನ ಎದುರಲ್ಲೇ "ಕಿವುಡಿ" ಎಂದು ನಗುತ್ತಿದ್ದರು, ಅಮ್ಮ ಏನೆಂದು ತಿಳಿಯದೆ ತಾನೂ ನಗುತ್ತಿದ್ದಳು. ಅದನ್ನು ನೋಡಿಕೊಂಡು ಬೆಳೆದ ಮಗಳು ತನ್ನ ಕಿವಿಯ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಳು. ಗೊತ್ತಿದ್ದದ್ದು ಅವಳ ಮಗಳೊಬ್ಬಳಿಗೇ.

ಕೇಳಿಸಿದರೂ ಕೇಳಿಸದ ಹಾಗೆ ಇರುವುದಕ್ಕೆ ನಮ್ಮಲ್ಲಿ ಜಾಣಕಿವುಡು ಅನ್ನುತ್ತಾರೆ. ಇವಳದು ಉಲ್ಟಾ. ಕೇಳಿಸದಿದ್ದರೂ ಕೇಳಿಸಿದ ಹಾಗೆ ತಲೆಯಾಡಿಸುವುದು. ಈ ವಿದ್ಯೆಗೆ ಇನ್ನೂ ಯಾರೂ ಹೆಸರಿಟ್ಟಿಲ್ಲ.

ಅವಳ ಕೆಲಸವಿದ್ದದ್ದು ಕಣ್ಣು ಕಾಣದ ಮಕ್ಕಳಿಗೆ ಪಾಠದ ಪುಸ್ತಕ ಮಾಡುವ ಮುದ್ರಣಾಲಯದಲ್ಲಿ. ಅಲ್ಲಿ ಅಕ್ಷರಕ್ಕೆ ಮಸಿ ಇಲ್ಲ. ಬ್ರೈಲ್ ಲಿಪಿ, ಅಕ್ಷರಕ್ಕೊಂದು ಆರು ಚುಕ್ಕಿಯ ಮನೆ, ಯಾವ ಚುಕ್ಕಿ ಉಬ್ಬಿದೆ ಅನ್ನುವುದರ ಮೇಲೆ ಅಕ್ಷರ. ಪುಸ್ತಕ ಹೊರಗೆ ಹೋಗುವ ಮೊದಲು ಒಂದು ಪರೀಕ್ಷೆ ಇದೆ. ಕಣ್ಣು ಕಾಣದವರೊಬ್ಬರು ಉಬ್ಬಿದ ಪುಟವನ್ನು ಬೆರಳಲ್ಲಿ ಓದಿ ಜೋರಾಗಿ ಹೇಳುತ್ತಾರೆ, ಕಣ್ಣಿರುವವರೊಬ್ಬರು ಅದನ್ನು ಕೇಳುತ್ತಾ ಮಸಿಯ ಪುಸ್ತಕದೊಡನೆ ತಾಳೆ ನೋಡುತ್ತಾರೆ. ಓದುವವರು ಮೇಷ್ಟ್ರು, ತಾಳೆ ನೋಡುವವಳು ಇವಳು. ಅಲ್ಪವಿರಾಮ ಬಂದರೆ "ಅಲ್ಪ", ವಾಕ್ಯ ಮುಗಿದರೆ "ಪೂರ್ಣ" ಎಂದು ಅದನ್ನೂ ಬಾಯಿಬಿಟ್ಟು ಹೇಳಬೇಕು. ಮೂವತ್ತು ವರ್ಷ ಹೀಗೆ ಓದಿ ಮೇಷ್ಟ್ರಿಗೆ ಅದು ನಾಲಿಗೆಗೆ ಹತ್ತಿಬಿಟ್ಟಿತ್ತು. "ಊಟ ಆಯ್ತಾ ಪ್ರಶ್ನೆ" ಎಂದು ಕೇಳುತ್ತಿದ್ದರು, "ನಂದೂ ಆಯ್ತು ಪೂರ್ಣ" ಎಂದು ಮುಗಿಸುತ್ತಿದ್ದರು. ಓದಿನಲ್ಲಿ ಮಾತ್ರ ಅವರದು ಕಟ್ಟುನಿಟ್ಟು. ಬೆರಳು ಹೇಳಿದ್ದನ್ನು ಬಾಯಿ ಹೇಳಬೇಕು, ತಲೆ ಮಧ್ಯೆ ಮೂಗು ತೂರಿಸಬಾರದು. ಪುಟದಲ್ಲಿ ತಪ್ಪಿದ್ದರೆ ತಪ್ಪನ್ನೇ ಓದುತ್ತಾರೆ, "ತಡೀರಿ" ಅನ್ನಬೇಕಾದವಳು ಅವಳು.

ಅವಳು ಸೇರಿದ್ದು ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದ ಕಾಲದಲ್ಲಿ. ಉಬ್ಬಿದ ಪುಟಗಳ ಪೆಟ್ಟಿಗೆ ವ್ಯಾನಿನಲ್ಲಿ ಮೇಷ್ಟ್ರ ಮನೆಗೆ ಹೋಗುತ್ತಿತ್ತು, ಮಸಿಯ ಪುಸ್ತಕ ಇವಳ ಮನೆಗೆ ಬರುತ್ತಿತ್ತು. ಇಬ್ಬರೂ ಕಂಪ್ಯೂಟರಿನಲ್ಲಿ ಕೂಡುತ್ತಿದ್ದರು. ಮೇಷ್ಟ್ರು ಕ್ಯಾಮೆರಾ ಇಡುವ ಚೆಂದಕ್ಕೆ ಒಂದು ದಿನ ಅವರ ಗಲ್ಲ ಕಂಡರೆ ಇನ್ನೊಂದು ದಿನ ಬರೀ ಸೀಲಿಂಗ್ ಫ್ಯಾನು. ಅವಳಿಗೆ ಅದರಿಂದೇನೂ ನಷ್ಟವಿರಲಿಲ್ಲ. ಪರದೆಯ ಕೆಳಗೆ ಕ್ಯಾಪ್ಶನ್ ಅನ್ನುವ ದೇವತೆ ಇದ್ದಳು, ಮೇಷ್ಟ್ರು ಆಡಿದ ಮಾತೆಲ್ಲ ಅಲ್ಲಿ ಅಕ್ಷರವಾಗಿ ಹರಿಯುತ್ತಿತ್ತು. ಅದು ಎಡವಿದಾಗ ಹೆಡ್‌ಫೋನಿನಲ್ಲಿ ಅರ್ಧ ಕಿವಿಗೆ ಬಿದ್ದದ್ದನ್ನು ಕೂಡಿಸಿ ಸರಿಮಾಡಿಕೊಳ್ಳುತ್ತಿದ್ದಳು. ಹೀಗೆ ಹತ್ತೊಂಬತ್ತು ಪುಸ್ತಕ ಹೊರಗೆ ಹೋದವು. ಒಂದರಲ್ಲೂ ತಪ್ಪು ಬರಲಿಲ್ಲ. ಅಡುಗೆಮನೆಯ ಗೋಡೆಗೆ ಚುಕ್ಕಿಗಳ ಪಟ್ಟಿ ಅಂಟಿಸಿಕೊಂಡು, ಉಬ್ಬಿದ ಪುಟವನ್ನು ಕಣ್ಣಲ್ಲೇ ಓದುವುದನ್ನೂ ಅವಳು ಕಲಿತಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ತಾನು ಕೈಲಾಗದವಳಲ್ಲ ಅನ್ನಿಸಿತ್ತು.

ಆಗ ಬಂತು ಆರ್ಡರು. ಒಂದನೇ ತಾರೀಖಿನಿಂದ ಎಲ್ಲರೂ ಆಫೀಸಿಗೆ, ವಾರಕ್ಕೆ ಐದು ದಿನ.

"ಹೇಳಿಬಿಡಮ್ಮ" ಎಂದಳು ಮಗಳು, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ. "ಮೇಜಿನ ಮೇಲೆ ಫೋನಿಟ್ಟುಕೊಂಡ್ರೆ ಅಲ್ಲೂ ಕ್ಯಾಪ್ಶನ್ ಬರುತ್ತೆ."

"ಇದ್ಯಾಕೆ ಇಟ್ಟಿದೀಯಾ ಅಂತ ಕೇಳ್ತಾರೆ."

"ಕೇಳಲಿ."

"ಕೆಲಸಕ್ಕೆ ಕರೆದ ಕಾಗದದಲ್ಲೇ ಬರೆದಿತ್ತು ಕಣೇ, ಕಿವಿ ಚೆನ್ನಾಗಿರಬೇಕು ಅಂತ. ಆ ಕುರ್ಚಿ ಬಿಟ್ಟು ಎಲ್ಲಿ ಹೋಗಲಿ? ಪುಸ್ತಕ ಕಟ್ಟೋ ಕಡೆ ಹಾಕ್ತಾರೆ. ನಂಗೆ ಇದೇ ಬೇಕು."

ಆ ಕುರ್ಚಿಯೊಂದೇ ಅಲ್ಲ. ಕಿವಿಯಮ್ಮ ಎಂದು ಕರೆದವರು ನಾಳೆ ಅದೇ ಬಾಯಲ್ಲಿ ಇನ್ನೇನು ಕರೆಯುತ್ತಾರೋ ಎಂಬ ಭಯವೂ ಇತ್ತು. ಮಗಳು ಇನ್ನೂ ಏನೋ ಹೇಳಿದಳು, ಅಮ್ಮ ತಿರುಗಿ ನಿಂತಳು. ತಿರುಗಿ ನಿಂತರೆ ಜಗಳ ತಾನಾಗಿ ಮುಗಿಯುತ್ತದೆ, ಕಿವಿ ಕೇಳದವರಿಗೆ ಇರುವ ಸೌಕರ್ಯ ಅದೊಂದೇ.

ಆಫೀಸು ಉದ್ದನೆಯ ಹಾಲು. ಒಂದು ತುದಿಯಲ್ಲಿ ಚುಕ್ಕಿ ಹೊಡೆಯುವ ಮಿಷನ್ನು, ಇನ್ನೊಂದು ತುದಿಯಲ್ಲಿ ಕಿಟಕಿಯ ಪಕ್ಕ ಓದುವ ಮೇಜುಗಳು. ಮಿಷನ್ನು ಹೊಡೆಯಲು ಶುರುಮಾಡಿದರೆ ನೆಲವೇ ನಡುಗುತ್ತಿತ್ತು. ಆ ಗದ್ದಲ ಅವಳ ಅರ್ಧ ಕಿವಿಯನ್ನೂ ಪೂರ್ತಿ ನುಂಗಿತು. ಮ್ಯಾನೇಜರಮ್ಮ ಎದುರು ಬಂದು ಬಾಯಾಡಿಸಿದರು. ಮನೆ ದೂರವೇ ಎಂದು ಕೇಳಿರಬೇಕು ಎಂದು ಊಹಿಸಿ, "ಹೌದು ಮೇಡಂ, ಎರಡು ಬಸ್ಸು" ಎಂದಳು. ಅವರು ಕೇಳಿದ್ದು ಮಕ್ಕಳೆಷ್ಟು ಅಂತ. ಪಕ್ಕದ ಮೇಜಿನವರು ನಕ್ಕರು. ಅವಳೂ ನಕ್ಕಳು, ನಕ್ಕ ಮೇಲೆ ಅಮ್ಮನ ನೆನಪಾಯಿತು.

ಮೇಷ್ಟ್ರು ಆಗಲೇ ಕೂತಿದ್ದರು. ಕುಳ್ಳಗೆ, ದಪ್ಪಗೆ. ಅವಳು ನಾಲ್ಕು ವರ್ಷ ಮನಸ್ಸಿನಲ್ಲಿ ಎತ್ತರದ ಮನುಷ್ಯನನ್ನು ಇಟ್ಟುಕೊಂಡಿದ್ದಳು. ಅವಳ ಹೆಜ್ಜೆಯ ಸುಳಿವು ಹಿಡಿದು ಮುಖ ಎತ್ತಿದರು, "ಬಂದ್ರಾ ಪ್ರಶ್ನೆ" ಎಂದದ್ದು ತುಟಿಯಲ್ಲೇ ತಿಳಿಯಿತು. ಆಮೇಲೆ ತಲೆ ತಗ್ಗಿಸಿ ಪುಟದ ಮೇಲೆ ಕೈಯಿಟ್ಟರು.

ಆ ಕೈಗಳನ್ನು ಅವಳು ಅಂದೇ ಮೊದಲು ನೋಡಿದ್ದು.

ಕ್ಯಾಮೆರಾ ಗಲ್ಲ ತೋರಿಸಿತ್ತು, ಫ್ಯಾನು ತೋರಿಸಿತ್ತು, ಇದನ್ನು ತೋರಿಸಿರಲಿಲ್ಲ. ಬಲಗೈ ಬೆರಳು ಸಾಲಿನ ಮೇಲೆ ಹರಿಯುತ್ತಿತ್ತು, ಒತ್ತದೆ, ನಿಲ್ಲದೆ. ಅದು ಸಾಲಿನ ಕೊನೆಗೆ ಬರುವ ಮೊದಲೇ ಎಡಗೈ ಇಳಿದು ಮುಂದಿನ ಸಾಲಿನ ಬಾಗಿಲಲ್ಲಿ ಕಾದಿರುತ್ತಿತ್ತು. ಒಂದು ಕೈ ಬಿಟ್ಟಲ್ಲಿ ಇನ್ನೊಂದು ಹಿಡಿಯುವುದು, ಮಧ್ಯೆ ಒಂದು ಕೂದಲಷ್ಟೂ ಬಿರುಕಿಲ್ಲ. ಗಡಸು ಬಿದ್ದ ದಪ್ಪ ಬೆರಳುಗಳು. ಅವುಗಳ ಕೆಳಗೆ ನದಿ, ಪರ್ವತ, ಗುಣಾಕಾರ, ಕಪ್ಪೆಯ ಜೀವನ ಎಲ್ಲ ಹಾದುಹೋಗಿದ್ದವು. ಅವಳು ಬಿಟ್ಟ ಕಣ್ಣು ಬಿಟ್ಟ ಹಾಗೆ ಕೂತಳು. ಭಯವೂ ಮರೆತುಹೋಯಿತು. ಹತ್ತೊಂಬತ್ತು ಪುಸ್ತಕಗಳ ಹಿಂದೆ ಇಂಥದ್ದೊಂದು ನಡೆಯುತ್ತಿತ್ತು, ತನಗೆ ಸುಳಿವೇ ಇರಲಿಲ್ಲವಲ್ಲ ಎಂದು ಮೈ ಜುಮ್ಮೆಂದಿತು.

ಬೆರಗಿನ ಬೆನ್ನಿಗೇ ಉಪಾಯವೂ ಹೊಳೆಯಿತು. ಚುಕ್ಕಿ ಅವಳಿಗೆ ಕಣ್ಣಲ್ಲಿ ಓದಲು ಬರುತ್ತದೆ. ಮೇಷ್ಟ್ರ ಬೆರಳು ಎಲ್ಲಿದೆ ಅನ್ನುವುದು ಕಾಣುತ್ತದೆ. ಬೆರಳು ದಾಟಿದ ಪದವನ್ನು ತಾನೇ ಓದಿ, ಮಸಿಯ ಪುಸ್ತಕದೊಡನೆ ತಾಳೆ ನೋಡಿ, "ಹ್ಞೂಂ" ಎಂದರೆ ಮುಗಿಯಿತು. ಮೇಷ್ಟ್ರ ದನಿಯ ಹಂಗೇ ಬೇಡ. ಮೈಯೆಲ್ಲ ಕಿವಿಯಾಗಿ ಕೇಳಬೇಕಾದವಳು ಮೈಯೆಲ್ಲ ಕಣ್ಣಾಗಿ ಕೂತಳು. ಎಂಟು ದಿನ ಹೀಗೆ ಸಾಗಿತು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಆದರೆ ಪಾಪ ಮೇಷ್ಟ್ರು ಎಂಟು ದಿನ ಗಂಟಲು ಹರಿದುಕೊಂಡದ್ದು ಗಾಳಿಗೆ ಹೋಯಿತು.

ಒಂಬತ್ತನೇ ದಿನ ಐದನೇ ತರಗತಿಯ "ನಮ್ಮ ದೇಹ" ಬಂತು. ಬೆಳಗಿನ ಹೊತ್ತು, ಕಿಟಕಿಯ ಬಿಸಿಲು ಪುಟದ ಮೇಲೆ ಓರೆಯಾಗಿ ಬಿದ್ದಿತ್ತು. ಮಿಷನ್ನು ಹೊಡೆಯುತ್ತಲೇ ಇತ್ತು. ಬೆನ್ನುಹುರಿಯಿಂದ ಹೊರಟ ನರ ಬೆರಳ ತುದಿಯವರೆಗೂ ಹೋಗುತ್ತದೆ ಎಂಬ ಸಾಲು. ಅವಳ ಕಣ್ಣು ಚುಕ್ಕಿ ಓದಿತು, ಮಸಿ ಓದಿತು, ಎರಡೂ ಒಂದೇ. "ಹ್ಞೂಂ" ಎಂದಳು.

ಮೇಷ್ಟ್ರ ಬೆರಳು ಮುಂದೆ ಹೋಗಲಿಲ್ಲ. ಹಿಂದಕ್ಕೆ ಬಂದು ಅದೇ ಸಾಲನ್ನು ಮತ್ತೆ ದಾಟಿತು. ಅವಳು "ಹ್ಞೂಂ" ಎಂದಳು. ಮೂರನೇ ಸಲ ಬೆರಳು ಒಂದೇ ಪದದ ಮೇಲೆ ನಿಂತಿತು, ತುಟಿ ಅಗಲವಾಗಿ ಅಲುಗಿತು. ಅವಳು ಮೂರನೇ ಸಲವೂ "ಹ್ಞೂಂ" ಎಂದಳು. ಮೇಷ್ಟ್ರು ಎರಡೂ ಕೈಯೆತ್ತಿ ಮಡಿಲಲ್ಲಿಟ್ಟುಕೊಂಡರು. ಊಟದ ಹೊತ್ತಾಗಿ ಮಿಷನ್ನು ನಿಲ್ಲುವುದನ್ನೇ ಕಾದರು.

ನಿಂತ ಮೇಲೆ ಅವಳ ಕಡೆ ತಿರುಗಿ, ಬಿಡಿಬಿಡಿಯಾಗಿ ಹೇಳಿದರು. "ಬೆನ್ನುಹುರಿಯಿಂದ ಹೊರಟ ಮರ ಬೆರಳ ತುದಿಯವರೆಗೂ ಹೋಗುತ್ತದೆ ಅಂತ ಮೂರು ಸಲ ಓದಿದೆ. ನೀವು ಮೂರು ಸಲ ಹ್ಞೂಂ ಅಂದ್ರಿ."

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಪುಟದಲ್ಲಿ ನರ ಅಂತಲೇ ಇದೆ ಮೇಷ್ಟ್ರೇ" ಎಂದಳು, ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡಳು. ಹೇಳಿದ ಮೇಲೆ ಇನ್ನು ಮುಚ್ಚಿಡುವುದೇನು. "ನಂಗೆ ಕೇಳಿಸಲ್ಲ. ಎಂಟು ದಿನದಿಂದ ನಿಮ್ಮ ಬೆರಳು ನೋಡ್ಕೊಂಡು ನಾನೇ ಓದ್ತಿದ್ದೆ. ಅದಕ್ಕೆ ಮುಂಚೆ ಮನೇಲಿ ಕ್ಯಾಪ್ಶನ್ ನೋಡ್ತಿದ್ದೆ."

ಮೇಷ್ಟ್ರ ಮುಖ ಕೆಂಪೇರಿತು. "ಹಾಗಾದ್ರೆ ನಾನಿಲ್ಲಿ ಯಾಕೆ ಕೂತಿದೀನಿ? ಮಗು ಕಣ್ಣಲ್ಲಿ ಓದುತ್ತಾ? ಕೊಡಿ ಕೈ."

ಅವರು ಅವಳ ತೋರುಬೆರಳು ಹಿಡಿದು ಆ ಅಕ್ಷರದ ಮೇಲಿಟ್ಟರು. ನ ಅಕ್ಷರಕ್ಕೆ ನಾಲ್ಕು ಚುಕ್ಕಿ, ಮ ಅಕ್ಷರಕ್ಕೆ ಮೂರು. ಕಣ್ಣಿಗೆ ನಾಲ್ಕೂ ಕಾಣುತ್ತಿದ್ದವು. ಬೆರಳಿಗೆ ಮೂರೇ ಸಿಕ್ಕವು. ನಾಲ್ಕನೆಯದರ ಜಾಗದಲ್ಲಿ ಮಿಷನ್ನಿನ ಸೂಜಿ ತಾಗಿದ ಗುರುತಷ್ಟೇ ಇತ್ತು, ಉಬ್ಬು ಇರಲಿಲ್ಲ. ಅವಳು ಮತ್ತೆ ಮತ್ತೆ ಸವರಿದಳು. ಕಣ್ಣೆದುರಿಗೆ ಇರುವುದು ಬೆರಳಿಗೆ ಇಲ್ಲವೇ ಇಲ್ಲ. ಒಂದು ಚುಕ್ಕಿ ಸತ್ತದ್ದಕ್ಕೆ ಮಕ್ಕಳ ಮೈಯಲ್ಲೆಲ್ಲ ಮರ ಬೆಳೆಯುವುದರಲ್ಲಿತ್ತು. ಇಬ್ಬರೂ ಒಂದೇ ಪುಟ ಓದಿದ್ದರು, ಇಬ್ಬರೂ ಸರಿಯಾಗೇ ಓದಿದ್ದರು, ಓದಿದ್ದು ಬೇರೆ ಬೇರೆ. ಅವಳು ನಾಚಿಕೆಯನ್ನೂ ಮರೆತು ಬೆರಗಾಗಿ ಹೋದಳು.

"ಕಣ್ಣಿಗೆ ನಾಲ್ಕು ಕಾಣುತ್ತಾ ಪ್ರಶ್ನೆ" ಎಂದರು ಮೇಷ್ಟ್ರು, ದನಿ ಇಳಿದಿತ್ತು.

"ಕಾಣುತ್ತೆ."

"ಹಾಗಾದ್ರೆ ಟೈಪ್ ಮಾಡಿದವರ ತಪ್ಪಲ್ಲ. ಮಿಷನ್ನಿನ ಸೂಜಿ ಸವೆದಿದೆ. ನಾನೊಬ್ಬನೇ ಆಗಿದ್ರೆ ಟೈಪಿನವರ ಮೇಲೆ ಹರಿಹಾಯ್ತಿದ್ದೆ."

ಮ್ಯಾನೇಜರಮ್ಮನ ಹತ್ತಿರ ಅವಳೇ ಹೋದಳು. ಮೇಷ್ಟ್ರು ಕೋಲು ಹಿಡಿದು ಹಿಂದೆ ಬಂದರು. ಅವಳು ಎಲ್ಲವನ್ನೂ ಹೇಳಿ, "ಪುಸ್ತಕ ಕಟ್ಟೋ ಕಡೆ ಹಾಕಿದ್ರೆ ಹೋಗ್ತೀನಿ ಮೇಡಂ" ಎಂದಳು. ಮ್ಯಾನೇಜರಮ್ಮ ಒಂದು ಹಾಳೆ ಎಳೆದುಕೊಂಡು ಬರೆದು ತೋರಿಸಿದರು. ಎಂಟು ದಿನದ ಪುಟ ಅಷ್ಟೂ ಮೊದಲಿಂದ ಓದಬೇಕು, ಇಬ್ಬರೂ. ಮೇಜಿನ ಮೇಲೆ ಫೋನಿರಬೇಕು, ಮೈಕು ಮೇಷ್ಟ್ರ ಅಂಗಿಗೆ. ಕೆಳಗೆ ಇನ್ನೊಂದು ಸಾಲು ಸೇರಿಸಿದರು, ಮೊದಲ ದಿನವೇ ಹೇಳಿದ್ದರೆ ನನ್ನ ಎಂಟು ದಿನ ಉಳಿಯುತ್ತಿತ್ತು. ಬೈಗುಳವೇ, ಆದರೆ ಅವಳ ಜೀವಕ್ಕೆ ಹಾಲು ಕುಡಿದಷ್ಟು ಸಮಾಧಾನವಾಯಿತು. "ಕಿವುಡಿ" ಎಂದು ಯಾರೂ ಅನ್ನಲಿಲ್ಲ. ಬೆನ್ನ ಹಿಂದೆ ಅಂದಿದ್ದರೆ ಅವಳಿಗೆ ಕೇಳಿಸಿಲ್ಲ, ಬಿಡಿ.

ಸೂಜಿ ಬದಲಾಯಿಸಿ ಮೆಕ್ಯಾನಿಕ್ಕು ಆ ಪುಟವನ್ನು ಹೊಸದಾಗಿ ಹೊಡೆದುಕೊಟ್ಟ. ಮೇಷ್ಟ್ರು ಅದನ್ನು ತಾವು ಮುಟ್ಟದೆ ಅವಳ ಕಡೆ ತಳ್ಳಿದರು. ಫೋನಿನಲ್ಲಿ ಅಕ್ಷರ ಮೂಡಿತು. "ನೀವೇ ಓದಿ ಪೂರ್ಣ. ಕಣ್ಣು ಮುಚ್ಚಿ ಪೂರ್ಣ. ಮುಚ್ಚದಿದ್ರೆ ನಂಗೆ ಗೊತ್ತಾಗಲ್ಲ ಅಲ್ಪ ಆದ್ರೂ ಮುಚ್ಚಿ ಪೂರ್ಣ."

ಅವಳು ಕಣ್ಣು ಮುಚ್ಚಿದಳು. ಮೊದಲು ಬೆರಳಿಗೆ ಸಾಸಿವೆ ಚೆಲ್ಲಿದ ಹಾಗೆ ಇತ್ತು, ತಲೆಬುಡ ತಿಳಿಯಲಿಲ್ಲ. ಎರಡು ಸಲ ಸಾಲು ತಪ್ಪಿದಳು. ಮೂರನೇ ಸಲ ನಡುವೆ ಎಲ್ಲೋ ಒಂದು ಕಡೆ ಬೆರಳು ತಾನಾಗಿ ನಿಂತಿತು. ಎಡಕ್ಕೆ ಮೇಲೊಂದು, ಕೆಳಗೊಂದು. ಬಲಕ್ಕೆ ಮೇಲೊಂದು, ಅದರ ಕೆಳಗೆ ಇನ್ನೊಂದು, ಗಟ್ಟಿಯಾಗಿ. ಪಕ್ಕದ ಚುಕ್ಕಿಮನೆಯಲ್ಲಿ ಎಡಕ್ಕೆ ಮೂರೂ, ಬಲಕ್ಕೆ ನಡುವೆ ಒಂದು.

ನರ.

ಯಾರೂ ಹೇಳಿರಲಿಲ್ಲ, ಅವಳು ನೋಡಿರಲಿಲ್ಲ. ಆದರೂ ಒಂದು ಮಾತು ಬೆರಳಿನಿಂದ ಹತ್ತಿ ತೋಳು ದಾಟಿ ಒಳಗೆ ಬಂದು ಕೂತಿತ್ತು, ತಾನು ಬಂದ ದಾರಿಯ ಹೆಸರನ್ನೇ ಹೇಳುತ್ತಾ. ಬಲಗಿವಿಯೂ ಹೋದ ಮೇಲೆ ಲೋಕ ತನ್ನೊಡನೆ ಮಾತು ಬಿಡುತ್ತದೆ ಎಂದು ಅವಳು ಎಷ್ಟೋ ವರ್ಷದಿಂದ ಹೆದರಿದ್ದಳು. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು. ಮೇಷ್ಟ್ರು ಏನೋ ಕೇಳುತ್ತಿದ್ದರು, ಫೋನಿನ ಮೇಲೆ ಅದು ಅಕ್ಷರವಾಗಿ ಬಿದ್ದಿರಬೇಕು. ಅವಳು ಕಣ್ಣು ಬಿಡಲಿಲ್ಲ. ಬೆರಳು ಮುಂದಿನ ಪದಕ್ಕೆ ಹೋಗಿತ್ತು.